ಬಾಹ್ಯಾಕಾಶಕ್ಕೆ ಹೊರಟವಳ ಮನೆಯ ಧೂಪ

ನನಗೆ ಎತ್ತರ ಎಂದರೆ ಆಗುವುದಿಲ್ಲ. ಪುತ್ತೂರಿನ ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ ಮೇಲಿನ ಕಪಾಟಿನಿಂದ ಏನಾದರೂ ತೆಗೆಯಬೇಕಾದರೆ, ಯಾರಿಗಾದರೂ ಚಹಾ ಕುಡಿಸಿ ಸ್ಟೂಲು ಹತ್ತಿಸುತ್ತಿದ್ದೆ. ಅಂಥವಳು ನಿವೃತ್ತಿಯಾದ ಮೇಲೆ ಮೊದಲ ಬಾರಿ ವಿಮಾನ ಹತ್ತಿ ಕುವೈತಿಗೆ ಹೋದೆ. ಹೋದಲ್ಲಿ ಯಾರ ಮನೆಯ ಚಾವಡಿಯಲ್ಲಿ ಕೂತೆ ಎಂದರೆ, ರಾಕೆಟ್ಟಿನಲ್ಲಿ ಕೂತು ಆಕಾಶದ ಆಚೆ ಇಣುಕಲು ಹೊರಟು ನಿಂತ ಹೆಂಗಸಿನ ಮನೆಯಲ್ಲಿ. ಊರಿನಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಬ್ಬಾಸಿಯಾ

ನನ್ನನ್ನು ಕರೆಸಿಕೊಂಡದ್ದು ಸಿಸಿಲಿ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾವು ಇವತ್ತಿಗೂ ಜಗಳವಾಡುತ್ತಲೇ ಗೆಳತಿಯರಾಗಿದ್ದೇವೆ. ಅವಳು ನರ್ಸಿಂಗ್ ಕಲಿತು ಕುವೈತ್ ಸೇರಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ದುಡಿದು, ಈಗ ಜಾಬ್ರಿಯಾ ಎಂಬಲ್ಲಿ ಒಂದು ಮನೆಯ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ.

ವಿಮಾನ ನಿಲ್ದಾಣದಲ್ಲೇ ಒಂದು ಎಡವಟ್ಟಾಯಿತು. ಸಿಸಿಲಿಗೆಂದು ಒಯ್ದಿದ್ದ ಪುನರ್ಪುಳಿಯ ಒಣ ಸಿಪ್ಪೆಯನ್ನು ಕಸ್ಟಮ್ಸಿನ ಹುಡುಗ ಎತ್ತಿ ಹಿಡಿದು ಇದೇನೆಂದು ಕೇಳಿದ. ಪುನರ್ಪುಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಹುಳಿಗೆ ನನ್ನ ಮುಖ ಹೇಗೆ ಹಿಂಡಿಹೋಯಿತೆಂದರೆ, ಅವನು ನಕ್ಕು, ತಾನೂ ಒಂದು ಸಿಪ್ಪೆ ತೆಗೆದುಕೊಂಡು ನನ್ನನ್ನು ಬಿಟ್ಟುಬಿಟ್ಟ.

ಸಿಸಿಲಿ ಇರುವ ಅಬ್ಬಾಸಿಯಾದಲ್ಲಿ ಇಳಿದರೆ ಪರದೇಶಕ್ಕೆ ಬಂದ ಹಾಗೆಯೇ ಅನ್ನಿಸುವುದಿಲ್ಲ. ಕೆಳಗೆ ಮಲ್ಲಿಗೆ ಮಾರುವ ಅಂಗಡಿ, ಪಕ್ಕದಲ್ಲಿ ಮೀನು, ಮೇಲೆ ಒಂದೊಂದು ಕಿಟಕಿಯಲ್ಲೂ ಒಣಗಲು ಹಾಕಿದ ಲುಂಗಿ. ಲಿಫ್ಟಿನಲ್ಲಿ ಸಿಕ್ಕಿದ ಮಗುವೊಂದಕ್ಕೆ "ನಿನ್ನ ಹೆಸರೆಂತ ಮಗಾ?" ಎಂದೆ. "ಏರನ್, ಆಂಟಿ. ವಿಚ್ ಫ್ಲೋರ್?" ಎಂದಿತು. ಕನ್ನಡ ಅದಕ್ಕೆ ಕಿವಿಗೆ ಮಾತ್ರ, ನಾಲಿಗೆಗೆ ಇಲ್ಲ. ಸಿಸಿಲಿಯ ಮನೆ ಏಳನೇ ಮಹಡಿ. ನಾನು ಬಾಲ್ಕನಿಯ ಕಡೆಗೆ ತಲೆಯನ್ನೂ ಹಾಕಲಿಲ್ಲ.

ರಾತ್ರಿ ಗಂಜಿ ಬಡಿಸುತ್ತ ಸಿಸಿಲಿ ಹೇಳಿದಳು: "ನಾನು ಕೆಲ್ಸಕ್ಕೆ ಹೋಗುವ ಮನೆಯ ಡಾಕ್ಟರಮ್ಮ ಇದ್ದಾರಲ್ಲ, ಅಜ್ಜಿಯ ಮಗಳು, ಅವ್ರು ಸ್ಪೇಸಿಗೆ ಹೋಗ್ತಾರೆ."

"ಎಲ್ಲಿಗೆ?"

"ಮೇಲೆ ಮಾರಾಯ್ತಿ. ಅಮೆರಿಕಕ್ಕೆ ಹೋಗಿ ಅಲ್ಲಿಂದ ರಾಕೆಟಿನಲ್ಲಿ."

"ವಾಪಸು ಬರುದು ಯಾವಾಗ?"

"ಹತ್ತು ನಿಮಿಷದಲ್ಲಿ."

ಇಷ್ಟಕ್ಕೆ ಅಷ್ಟು ದೂರ ಹೋಗಬೇಕೇ ಎಂದು ಕೇಳಿದೆ. ಅಂಚೆಯಲ್ಲಿ ವಿಳಾಸದಾರರು ಸಿಗದ ಪಾರ್ಸಲ್ಲು ಹೀಗೆಯೇ ಕಳಿಸಿದವರ ಬಾಗಿಲಿಗೇ ಮರಳಿ ಬರುತ್ತದೆ. ಆದರೆ ಸಿಸಿಲಿ ನಗಲಿಲ್ಲ. "ಅಜ್ಜಿ ಮಗಳ ಹತ್ರ ಸರಿಯಾಗಿ ಮಾತಾಡದೆ ವಾರ ಆಯ್ತು. ಅವ್ರ ಹಾರ್ಟು ಗಟ್ಟಿ ಇಲ್ಲ. ನನ್ಗೆ ಅದೇ ಹೆದ್ರಿಕೆ" ಎಂದಳು.

ಜಾಬ್ರಿಯಾ

ಮರುದಿನ ನನ್ನನ್ನು ಒಬ್ಬಳೇ ಬಿಟ್ಟು ಹೋಗಲಾಗದೆ ಸಿಸಿಲಿ ಜೊತೆಗೇ ಕರೆದುಕೊಂಡು ಹೋದಳು. ಆ ಮನೆಯ ಅಜ್ಜಿಯನ್ನು ಸಿಸಿಲಿ "ಮಾಮಾ" ಎನ್ನುತ್ತಾಳೆ. ನಮ್ಮ ಮಾಮ ಅಲ್ಲ, ಅಮ್ಮ ಎಂದರ್ಥ; ಮನೆ ಕೆಲಸಕ್ಕೆ ಹೋಗುವವರೆಲ್ಲ ಅಲ್ಲಿ ಯಜಮಾನಿಯನ್ನು ಹಾಗೆಯೇ ಕರೆಯುವುದಂತೆ. ನಾನೂ ಹಾಗೆಯೇ ಕರೆದೆ. ಎಂಬತ್ತು ದಾಟಿದ ಬಡಕಲು ಹೆಂಗಸು, ಆದರೆ ಕೂತ ಗತ್ತು ನೋಡಿದರೆ ನಮ್ಮ ಪೋಸ್ಟ್ ಮಾಸ್ಟರರೂ ಎದ್ದು ನಿಲ್ಲಬೇಕು.

ಕಾಫಿ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿ ಹಾಕಿದ ಕಹಿ ಕಾಫಿ. ಕುಡಿದು ಮುಗಿಸಿದೆ, ಮತ್ತೆ ತುಂಬಿದರು. ಬಿಡುವುದು ಮರ್ಯಾದೆಯಲ್ಲವೆಂದು ಅದನ್ನೂ ಕುಡಿದೆ, ಮತ್ತೆ ತುಂಬಿದರು. ಹೀಗೆ ಎಷ್ಟು ಹೊಟ್ಟೆಗೆ ಹೋಯಿತೋ, ಎದೆ ಡವಡವ ಎನ್ನತೊಡಗಿದಾಗ ಸಿಸಿಲಿ ನನ್ನ ಕೈ ಹಿಡಿದು ಬಟ್ಟಲನ್ನು ಅತ್ತಿತ್ತ ಅಲುಗಾಡಿಸಿದಳು. ಸಾಕು ಎಂದು ಅಲ್ಲಿ ಬಾಯಲ್ಲಿ ಹೇಳುವುದಲ್ಲ, ಬಟ್ಟಲು ಅಲುಗಿಸುವುದು. ನಮ್ಮಲ್ಲಿ ಬೇಡ ಬೇಡವೆಂದು ಎಲೆಗೆ ಅಡ್ಡ ಮಲಗಿದರೂ ಬಡಿಸುತ್ತಾರಲ್ಲ, ಅದಕ್ಕಿಂತ ಇದು ವಾಸಿ.

ಮಗಳು ಹೆಸ್ಸಾ ಕಣ್ಣಿನ ಡಾಕ್ಟರು, ಐವತ್ತರ ಮೇಲಿನ ವಯಸ್ಸು. ಮದುವೆಯಾಗಿಲ್ಲ, ತಾಯಿಯ ಜೊತೆಗೇ ಇರುವವಳು. ನಾನು ಹೆದರುಪುಕ್ಕಲಿ ಎಂದು ಸಿಸಿಲಿಯಿಂದ ತಿಳಿದವಳೇ ಕಾರಿನ ಬೀಗದ ಕೈ ಗೊಂಚಲನ್ನು ಮೇಲಕ್ಕೆ ಎಸೆದು ಹಿಡಿದಳು. "ಇಷ್ಟೇ" ಎಂದಳು ಇಂಗ್ಲಿಷಿನಲ್ಲಿ. "ಹೋಗುವುದು, ಬೀಳುವುದು. ತುದಿಯಲ್ಲಿ ಒಂದಿಷ್ಟು ಹೊತ್ತು ನಮ್ಮನ್ನು ಯಾವುದೂ ಯಾವ ಕಡೆಗೂ ಎಳೆಯುವುದಿಲ್ಲ. ಕಿಟಕಿಯ ಹೊರಗೆ ಹಗಲಿನಲ್ಲೂ ಆಕಾಶ ಕಪ್ಪಗಿರುತ್ತದೆ. ಅದನ್ನು ನೋಡಲಿಕ್ಕೆ ಹೋಗುವುದು."

ಮಾಮಾ ಮುಖ ತಿರುಗಿಸಿಕೊಂಡಿದ್ದರು. ಅವರ ಪಕ್ಕದ ಮೇಜಿನ ಮೇಲೆ ಹಿತ್ತಾಳೆಯ ಮೊಳೆ ಬಡಿದ ಹಳೆಯ ಮರದ ಧೂಪದ ಪಾತ್ರೆ ಇತ್ತು. ಅದಕ್ಕೆ ತಾಗಿಸಿ, ಮಡಚಿಟ್ಟ ಬೂದು ಬಣ್ಣದ ಒಂದು ಶಾಲು. ಆ ಶಾಲಿನ ವಿಷಯವನ್ನು ಸಿಸಿಲಿ ಅಡುಗೆಮನೆಯಲ್ಲಿ ನನಗೆ ಹೇಳಿದಳು. ರಾಕೆಟ್ಟಿನಲ್ಲಿ ಪ್ರತಿಯೊಬ್ಬರೂ ಒಂದು ಸಣ್ಣ ಚೀಲದಷ್ಟು ಸ್ವಂತ ಸಾಮಾನು ಒಯ್ಯಬಹುದಂತೆ. ಹೆಸ್ಸಾಗೆ ಒಯ್ಯಬೇಕಾದದ್ದು ಇದೊಂದೇ ಶಾಲು, ಅದೂ ತಾಯಿಯೇ ಊದಿನ ಹೊಗೆ ಹಿಡಿದು ಕೊಟ್ಟದ್ದು. ಊದ್ ಎಂದರೆ ನಮ್ಮ ಅಗರು. ಪ್ರಯಾಣ ಹೊರಟವರ ಬಟ್ಟೆಗೆ ಆ ಹೊಗೆ ಹಿಡಿದು ಕಳಿಸುವುದು ಆ ಮನೆಯ ಪದ್ಧತಿ. ಮಾಮಾ ಹಿಡಿಯಲಿಲ್ಲ. ಮಗಳು ಶಾಲು ತಂದಿಟ್ಟಾಗಿನಿಂದ ಅದು ಇಟ್ಟಲ್ಲೇ ಇತ್ತು.

ಎರಡು ದಿನ ಬಿಟ್ಟು ಹೆಸ್ಸಾ ಅಮೆರಿಕಕ್ಕೆ ಹೊರಟಾಗಲೂ ನಾನು ಅಲ್ಲಿದ್ದೆ. ಅವಳು ತಾಯಿಯ ಹಣೆಗೆ ಮುತ್ತಿಟ್ಟಳು. ಮಾಮಾ ಜಪಮಣಿ ಎಣಿಸುತ್ತಲೇ ಇದ್ದರು. ಹೆಸ್ಸಾ ಶಾಲನ್ನು ಒಮ್ಮೆ ಮುಟ್ಟಿ, ಎತ್ತಿಕೊಳ್ಳದೆ, "ಇಲ್ಲೇ ಇರಲಿ" ಎಂದು ಸಿಸಿಲಿಗೆ ಹೇಳಿ ಹೋದಳು. ನನಗೆ ಆ ತಾಯಿಯ ಮೇಲೆ ಬಹಳ ಸಿಟ್ಟು ಬಂತು.

ಕಡಲ ದಂಡೆ

ಆ ಸಿಟ್ಟು ಒಂದು ಸಂಜೆಯ ಮಟ್ಟಿಗೆ ಮಾತ್ರ ಉಳಿಯಿತು. ಮರುದಿನ ಮಾಮಾರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾವಿಬ್ಬರೂ ಕಡಲ ಬದಿಗೆ ಹೋದೆವು. ಅಲ್ಲಿನ ಕಡಲು ನಮ್ಮ ಪಣಂಬೂರಿನ ಹಾಗೆ ಅಬ್ಬರಿಸುವುದಿಲ್ಲ, ಬಟ್ಟೆ ಒಗೆದ ನೀರಿನ ಹಾಗೆ ಸುಮ್ಮನೆ ಅಲ್ಲಾಡುತ್ತಿರುತ್ತದೆ. ಆಕಾಶವೂ ನೀಲಿಯಲ್ಲ, ಧೂಳು ಕೂತ ಗಾಜು.

"ನೀನು ಮಂಗ್ಳೂರಿನವಳಾ?" ಎಂದು ಮಾಮಾ ಇದ್ದಕ್ಕಿದ್ದಂತೆ ಹಿಂದಿಯಲ್ಲಿ ಕೇಳಿದರು. ನಾನು ಬೆಚ್ಚಿಬಿದ್ದೆ. ಅವರದು ಹಳೆಯ ಕಾಲದ ಹಿಂದಿ, ನನ್ನದು ಅಂಚೆ ಇಲಾಖೆಯ ಪರೀಕ್ಷೆಯ ಹಿಂದಿ. ಎರಡೂ ಕುಂಟಿದರೂ ಜೊತೆಯಾಗಿ ನಡೆದವು.

ಅವರ ತಂದೆ ಹಾಯಿಹಡಗಿನ ಯಜಮಾನರು. ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಗೆ ಬಂದು, ಮರ, ಹಗ್ಗ ತುಂಬಿಕೊಂಡು ಮರಳುತ್ತಿದ್ದರಂತೆ. ಮಂಗಳೂರಿನ ಹೆಸರು, ಹಿಂದಿಯ ಮಾತು ಎಲ್ಲವೂ ಅವರ ಜೊತೆಗೇ ಆ ಮನೆಗೆ ಬಂದದ್ದು. ಅವರು ಹೊರಡುವ ದಿನ ತಾಯಿ ಅವರ ಬಟ್ಟೆಗಳಿಗೆ ಊದಿನ ಹೊಗೆ ಹಿಡಿಯುತ್ತಿದ್ದರು. ಧೂಪದ ಪಾತ್ರೆ ಹಿಡಿದುಕೊಳ್ಳುವ ಕೆಲಸ ಪುಟ್ಟ ಹುಡುಗಿಯಾಗಿದ್ದ ಮಾಮಾರದು. ಒಂದು ವರ್ಷ ಹೋದ ಹಡಗು ಮರಳಲೇ ಇಲ್ಲ.

"ನಾನೇ ಹಿಡಿದುಕೊಂಡಿದ್ದೆ" ಎಂದರು ಮಾಮಾ, ತಮ್ಮ ಕೈಗಳನ್ನೇ ನೋಡುತ್ತ. "ಈ ಕೈಯಿಂದ ಹೊಗೆ ಕೊಟ್ಟು ಕಳಿಸಿದೆ, ಅವರು ಬರಲಿಲ್ಲ. ಈಗ ಮಗಳಿಗೂ ಕೊಡಬೇಕಾ?"

ಆಮೇಲೆ ಆಕಾಶದ ಕಡೆ ಮುಖ ಎತ್ತಿ ಹೇಳಿದರು: "ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿಸಿಕೊಂಡು ಅವಳಿಗೆ ನಕ್ಷತ್ರ ತೋರಿಸಿದ್ದು ನಾನೇ. ಅಪ್ಪ ದಾರಿ ನೋಡುತ್ತಿದ್ದ ನಕ್ಷತ್ರಗಳು. ನೋಡು ಎಂದಿದ್ದೆ. ಹತ್ತಿ ಹೋಗು ಎಂದಿರಲಿಲ್ಲ."

ಹಮೀದರ ಅಂಗಡಿ

ರಾಕೆಟ್ಟು ಹಾರುವ ದಿನ ಮಾಮಾರ ಮನೆಗೆ ನೆಂಟರು, ನೆರೆಯ ಹೆಂಗಸರೆಲ್ಲ ಟೀವಿ ನೋಡಲು ಬರುವವರಿದ್ದರು. ಬರಿಗೈಯಲ್ಲಿ ಹೇಗೆ ಹೋಗುವುದು? ಅಬ್ಬಾಸಿಯಾದಲ್ಲಿ ಬಂಟ್ವಾಳದ ಬ್ಯಾರಿ ಹಮೀದರ ಅಂಗಡಿಯಿದೆ. ಸೂಜಿಯಿಂದ ಸೂಟ್‌ಕೇಸಿನವರೆಗೆ ಅಲ್ಲಿ ಇಲ್ಲದ್ದಿಲ್ಲ. ವಿಷಯ ಕೇಳಿ ಅವರು ತಲೆಯಾಡಿಸಿದರು.

"ನೋಡಿ ಅಕ್ಕ, ನಮಗೆ ಇಲ್ಲಿರ್ಲಿಕ್ಕೆ ಬೇಕಾದ ಪರವಾನಗಿ, ಆ ಇಕಾಮಾದ ಕಾಗದ ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಹೋಗುವಷ್ಟರಲ್ಲಿ ಅವ್ರು ಮೇಲೆ ಹೋಗಿ ಬಂದಾಯ್ತು, ಖಲಾಸ್" ಎಂದು ನಕ್ಕು, ಊದಿನ ಚಕ್ಕೆಯ ಪುಟ್ಟ ಡಬ್ಬಿಯೊಂದನ್ನು ಮುಂದಿಟ್ಟರು. "ದೊಡ್ಡ ಮನೆಗೆ ಇದಕ್ಕಿಂತ ಒಳ್ಳೆ ಗಿಫ್ಟ್ ಇಲ್ಲ. ಈ ಇದ್ದಿಲ ಬಿಲ್ಲೆ ಉಂಟಲ್ಲ, ಕಡ್ಡಿ ಗೀರಿ ತಾಗಿಸಿದ್ರೆ ಸಾಕು. ಕೆಂಪಾದ ಮೇಲೆ ಚಕ್ಕೆ ಇಡಿ. ದೊಡ್ಡವ್ರಿಂದ ಸುರು ಮಾಡಿ ಪ್ರತಿಯೊಬ್ರ ಹತ್ರವೂ ಹಿಡಿಬೇಕು, ಬಲಗೈಯಲ್ಲಿ, ಆಯ್ತಾ?"

ಹೇಗೆ ಹಚ್ಚುವುದೆಂದು ಅವರು ಹೇಳಿದರು. ಯಾವಾಗ ಹಚ್ಚುವುದೆಂದು ನಾನು ಕೇಳಲಿಲ್ಲ.

ಮತ್ತೆ ಜಾಬ್ರಿಯಾ

ಅಮೆರಿಕದ ಬೆಳಗು ಅಲ್ಲಿಗೆ ಇಳಿಹೊತ್ತು. ಚಾವಡಿಯಲ್ಲಿ ಹತ್ತು ಹನ್ನೆರಡು ಹೆಂಗಸರು. ಖರ್ಜೂರ, ಕೇಸರಿ ಹಾಕಿದ ಸಿಹಿ, ಎಡೆಬಿಡದ ಮಾತು. ಮಾಮಾ ನಡುವಿನ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಬಂದವರೆಲ್ಲ ಮಗಳನ್ನು ಹೊಗಳುತ್ತಿದ್ದರು, ಅವರು ಹೂಂ ಎಂದೂ ಅನ್ನಲಿಲ್ಲ.

ಟೀವಿಯಲ್ಲಿ ಕಂದು ಬಣ್ಣದ ಬಯಲು, ಅದರ ನಡುವೆ ರಾಕೆಟ್ಟು. ಆರು ಜನ ಪ್ರಯಾಣಿಕರು ಗ್ಯಾರೇಜಿನವರ ಹಾಗೆ ಒಂದೇ ತುಂಡಿನ ನೀಲಿ ಉಡುಪು ತೊಟ್ಟು ನಡೆದು ಬಂದರು. ಕೈ ಕೈ ಹಿಡಿದುಕೊಂಡ ಗಂಡ ಹೆಂಡತಿ, ಬೋಳುತಲೆಯ ಒಬ್ಬ ಮುದುಕ, ಸುಮ್ಮನೆ ನಗುತ್ತಲೇ ಇದ್ದ ಇಬ್ಬರು ಯುವಕರು, ಕೊನೆಯಲ್ಲಿ ನಮ್ಮ ಹೆಸ್ಸಾ. ಒಳಗೆ ಎಲ್ಲರಿಗೂ ಕಿಟಕಿ ಸೀಟೇ ಅಂತೆ. ಮಂಗಳೂರು ಬಸ್ಸಿನ ಜಗಳ ಅಲ್ಲಿಲ್ಲ. ಬಾಗಿಲು ಮುಚ್ಚುವ ಮುಂಚೆ ಹೆಸ್ಸಾ ಒಮ್ಮೆ ಕ್ಯಾಮೆರಾದ ಕಡೆ ತಿರುಗಿದಳು. ಬರಿಗೈಯನ್ನು ಕತ್ತಿನ ಹತ್ತಿರ ಒಯ್ದು, ಶಾಲು ಸರಿಪಡಿಸಿಕೊಳ್ಳುವವಳ ಹಾಗೆ ಮಾಡಿ, ಕೆಳಗಿಳಿಸಿದಳು. ಅಲ್ಲಿ ಶಾಲು ಇರಲಿಲ್ಲ.

ಅಷ್ಟರಲ್ಲಿ, ಹಾರಲು ಉಳಿದ ಹೊತ್ತನ್ನು ಪರದೆಯ ಮೂಲೆಯಲ್ಲಿ ಎಣಿಸುತ್ತಿದ್ದ ಗಡಿಯಾರದ ಅಂಕಿಗಳು ನಿಂತುಬಿಟ್ಟವು. ಗಾಳಿ ಜೋರಿದೆಯಂತೆ, ಕಾಯಬೇಕಂತೆ. ಸಿಸಿಲಿ ಬಿಪಿ ನೋಡುವ ಯಂತ್ರ ತರಲು ಒಳಗೆ ಹೋದಳು. ಮಾಮಾರ ತುಟಿ ಬಿಳಿಚಿತ್ತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಮ್ಮಲ್ಲಿ ಯಾವ ಒಳ್ಳೆಯ ಕೆಲಸಕ್ಕೂ ಮೊದಲು ಧೂಪ ಹಾಕುತ್ತೇವಲ್ಲ. ತಾಯಿ ಹಿಡಿಯದಿದ್ದರೆ ಹೋಗಲಿ, ಆ ಮಗಳ ಹೆಸರಿನಲ್ಲಿ ಮನೆಯಲ್ಲಿ ಒಂದಿಷ್ಟು ಹೊಗೆಯಾದರೂ ಏಳಲಿ ಎಂದುಕೊಂಡೆ. ಮಾಮಾರ ಪಾತ್ರೆಯನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಇದ್ದಿಲ ಬಿಲ್ಲೆ ಹೊತ್ತಿಸಿ, ಹಮೀದರ ಚಕ್ಕೆ ಇಟ್ಟೆ. ಬಲಗೈಯಲ್ಲಿ ಹಿಡಿದು, ದೊಡ್ಡವರಿಂದ ಶುರುಮಾಡಿ, ಒಬ್ಬೊಬ್ಬರ ಮುಂದೆಯೂ ನಿಂತೆ.

ಮಾಮಾ ನನ್ನನ್ನು ವಿಚಿತ್ರವಾಗಿ ನೋಡಿದರು. ಪಕ್ಕದ ಹೆಂಗಸು ಟೀವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮೆಲ್ಲಗೆ ಹೊಗೆಯನ್ನು ತಲೆವಸ್ತ್ರದೊಳಕ್ಕೆ ಎಳೆದುಕೊಂಡು ಎದ್ದು ನಿಂತರು. ಮಾಮಾರ ಹಣೆಗೆ ಮುತ್ತಿಟ್ಟರು, ಚೀಲ ಎತ್ತಿಕೊಂಡರು, ಹೋದರು. ಎರಡನೆಯವರೂ ಹಾಗೆಯೇ ಮಾಡಿದರು. ಮೂರನೆಯವರು ಬಾಯಲ್ಲಿದ್ದ ಖರ್ಜೂರವನ್ನು ಅವಸರದಲ್ಲಿ ನುಂಗಿ ಎದ್ದರು. ನನ್ನ ಹೊಗೆ ಅವರಿಗೆ ಒಗ್ಗಲಿಲ್ಲವೇ, ಅಥವಾ ಹೆಸ್ಸಾಗೆ ಏನಾದರೂ ಆಗಿಹೋಯಿತೇ? ಆದರೂ ಅರ್ಧಕ್ಕೆ ಬಿಟ್ಟರೆ ಉಳಿದವರಿಗೆ ಅವಮಾನವೆಂದು ಕೊನೆಯವರ ತನಕ ಹಿಡಿದೆ. ಕೊನೆಯವರೂ ಹೋದರು.

ಸಿಸಿಲಿ ಯಂತ್ರ ಹಿಡಿದು ಬಂದಾಗ ಚಾವಡಿಯಲ್ಲಿ ನಾನು, ಮಾಮಾ ಮತ್ತು ತುಂಬಿದ ತಟ್ಟೆಗಳು.

"ಎಲ್ಲಿ ಎಲ್ರೂ? ಎಂತ ಮಾಡಿದ್ದು ನೀನು?"

"ಧೂಪ ಹಾಕಿದ್ದು, ಅಷ್ಟೇ."

ಸಿಸಿಲಿ ಹಣೆ ಹಣೆ ಬಡಿದುಕೊಂಡಳು. "ಇಲ್ಲಿ ಅದನ್ನು ಕೊನೆಗೆ ತರುದು ಮಾರಾಯ್ತಿ. ಧೂಪ ಬಂತು ಅಂದ್ರೆ ಕೂತದ್ದು ಸಾಕು, ಇನ್ನು ಹೊರಡಿ ಅಂತ. ನೀನು ಬಂದವರನ್ನೆಲ್ಲ ಓಡಿಸಿದೆಯಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಒಂದು ಸದ್ದು ಕೇಳಿಸಿತು. ಮಾಮಾ ನಗುತ್ತಿದ್ದರು. ಹಲ್ಲಿಲ್ಲದ ಬಾಯಿ ತೆರೆದು, ಕುರ್ಚಿಯ ಕೈ ತಟ್ಟಿ ತಟ್ಟಿ ನಕ್ಕರು. ನಗುತ್ತ ನಗುತ್ತಲೇ ಅದು ಅಳುವಾಯಿತು. ಅಷ್ಟು ಜನರ ಎದುರು ಬಿಗಿಹಿಡಿದು ಕೂತದ್ದೆಲ್ಲ ಈಗ ಹೊರಗೆ ಬರುತ್ತಿತ್ತು. ಸಿಸಿಲಿ ಅವರನ್ನು ತಬ್ಬಿಕೊಂಡು ಬೆನ್ನು ಸವರಿದಳು. ನನಗೂ ಅಳು ಬಂತು.

ಟೀವಿಯಲ್ಲಿ ಅಂಕಿಗಳು ಮತ್ತೆ ಓಡತೊಡಗಿದವು. ಮಾಮಾ ಕಣ್ಣೊರೆಸಿಕೊಂಡು ನನ್ನ ಕಡೆ ಕೈ ಚಾಚಿದರು. ಧೂಪದ ಪಾತ್ರೆಯಲ್ಲಿ ಕೆಂಡ ಇನ್ನೂ ಇತ್ತು. "ಶಾಲು ಕೊಡು" ಎಂದರು ಹಿಂದಿಯಲ್ಲಿ. ಕೊಟ್ಟೆ. ಪಾತ್ರೆಯನ್ನು ಮಡಿಲ ಬಳಿ ಹಿಡಿದುಕೊಳ್ಳಲು ನನಗೇ ಹೇಳಿದರು. ಶಾಲು ಬಿಡಿಸಿ ಹೊಗೆಯ ಮೇಲೆ ಹಿಡಿದು, ಮಡಿಕೆ ಮಡಿಕೆ ತಿರುವಿ, ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಒಂದು ಮಾತು ಮಾತ್ರ ನನಗೆ ತಿಳಿಯಿತು. ಬೀಳ್ಕೊಡುವಾಗ ಅಲ್ಲಿ ಎಲ್ಲರೂ ಹೇಳುವ ಮಾತು, ದೇವರ ರಕ್ಷಣೆಯಲ್ಲಿ ಹೋಗಿ ಬಾ ಎಂದು. ಅದನ್ನು ಅವರು ಎಷ್ಟು ಸಲ ಹೇಳಿದರೋ. ಅವರ ಮುಖದೆದುರು ರಾಕೆಟ್ಟು ಬೆಂಕಿಯುಗುಳಿ ಮೇಲೆದ್ದಿತು. ಅವರು ಶಾಲಿನಿಂದ ಕಣ್ಣು ತೆಗೆಯಲಿಲ್ಲ.

ಮೊದಲು ಕೆಳಗೆ ಬಂದದ್ದು ರಾಕೆಟ್ಟು. ತನ್ನ ತುದಿಯಲ್ಲಿ ಜನ ಕೂತಿದ್ದ ಗೋಪುರವನ್ನು ಮೇಲೆಯೇ ಬಿಟ್ಟು, ಖಾಲಿ ಬಸ್ಸಿನ ಹಾಗೆ ಅದೊಂದೇ ಬಂದು ಬಯಲಿನಲ್ಲಿ ನಿಂತಿತು. ಮಾಮಾ ಅದನ್ನು ನೋಡಿ ಸಿಸಿಲಿಯ ಮಣಿಕಟ್ಟು ಹಿಡಿದರು. "ಹಡಗು ಬಂತು, ಜನ ಎಲ್ಲಿ?" ಎಂದರು.

ಹಾಗೆಯೇ ಬರುವುದು, ಜನ ಹಿಂದಿನಿಂದ ಇಳಿಯುತ್ತಾರೆ ಎಂದು ಸಿಸಿಲಿ ಹೇಳಿದಳು. ಮಾಮಾರ ಕಿವಿಗೆ ಅದು ಹೋಗಲಿಲ್ಲ. ಶಾಲನ್ನು ಎದೆಗೊತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದರು. ನಾನು ಆ ಹೊತ್ತಿನಲ್ಲಿ ಬೇಡಿಕೊಳ್ಳದ ದೇವರಿಲ್ಲ. ಕೊನೆಗೆ ಧೂಳು ಬಣ್ಣದ ಆಕಾಶದಲ್ಲಿ ಮೂರು ಕೊಡೆಗಳು ಬಿಚ್ಚಿಕೊಂಡವು. ಅವುಗಳ ಕೆಳಗೆ ತೂಗಾಡುತ್ತ ಗೋಪುರ ಬಂತು, ನೆಲ ಮುಟ್ಟಿತು, ಹುಡಿ ಹಾರಿತು. ಬಾಗಿಲು ತೆರೆದು ಒಬ್ಬೊಬ್ಬರೇ ಇಳಿದರು. ನಾಲ್ಕನೆಯವಳು ಹೆಸ್ಸಾ. ಮಂಡಿಯೂರಿ ಮಣ್ಣು ಮುಟ್ಟಿದಳು.

ಸ್ವಲ್ಪ ಹೊತ್ತಿನಲ್ಲಿ ಸಿಸಿಲಿಯ ಫೋನಿಗೆ ಹೆಸ್ಸಾಳ ಕರೆ ಬಂತು. ಸಿಸಿಲಿ ಅದನ್ನು ಮಾಮಾರ ಮುಂದೆ ಹಿಡಿದಳು. ಮಾಮಾ ಗಂಟಲು ಸರಿಮಾಡಿಕೊಂಡು ಅರಬಿಯಲ್ಲಿ ಎರಡೇ ಮಾತು ಹೇಳಿದರು. ಸಿಸಿಲಿ ನನ್ನ ಕಿವಿಯಲ್ಲಿ ಕನ್ನಡಿಸಿದಳು: "ನಿನ್ನ ಶಾಲಿಗೆ ಹೊಗೆ ಹಿಡಿದಿಟ್ಟಿದ್ದೇನೆ. ವಾಸನೆ ಹೋಗುವ ಮುಂಚೆ ಬಂದು ತೆಕ್ಕೊ." ಆ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿಸಿತು.

ಹೊರಡುವ ದಿನ

ಹೆಸ್ಸಾ ಮರಳಿದ ದಿನವೇ ಸಂಜೆ ನಾನು ಊರಿಗೆ ಹೊರಡುವುದಿತ್ತು. ಬೀಳ್ಕೊಂಡು ಬರಲು ಹೋದರೆ ಚಾವಡಿ ಮತ್ತೆ ತುಂಬಿತ್ತು. ನಾನು ಓಡಿಸಿದವರೆಲ್ಲ ಬಂದಿದ್ದರು, ಜೊತೆಗೆ ಇನ್ನಷ್ಟು ಜನ. ಹೆಸ್ಸಾ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಕತ್ತಿಗೆ ಆ ಬೂದು ಶಾಲು ಸುತ್ತಿಕೊಂಡು ಕಪ್ಪು ಆಕಾಶದ ಕಥೆ ಹೇಳುತ್ತಿದ್ದಳು. ಮಾಮಾ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದನ್ನು ಇನ್ನೊಂದು ಚೀಲದಲ್ಲಿ ಕಟ್ಟಿ, ಇಷ್ಟು ದಿನ ದಿಂಬಿನಡಿ ಇಟ್ಟುಕೊಂಡಿದ್ದರೆಂದು ಸಿಸಿಲಿ ಹೇಳಿದಳು.

ಹೊತ್ತು ಜಾರುತ್ತಿತ್ತು. ಕಾಫಿ ಮೂರು ಸುತ್ತು ಬಂತು, ಚಹಾ ಬಂತು, ಹಣ್ಣು ಬಂತು. ಧೂಪ ಮಾತ್ರ ಬರಲಿಲ್ಲ. ಮಾಮಾ ತರಲು ಹೇಳುತ್ತಲೇ ಇಲ್ಲ. ಧೂಪ ಬಾರದೆ ಅತಿಥಿಗಳು ಏಳುವ ಹಾಗಿಲ್ಲ. ಒಬ್ಬಿಬ್ಬರು ಕಣ್ಣಲ್ಲೇ ಬಾಗಿಲು ನೋಡುತ್ತಿದ್ದರು. ನನ್ನ ವಿಮಾನಕ್ಕೂ ಹೊತ್ತಾಗುತ್ತಿತ್ತು. ಸಿಸಿಲಿ ಬಗ್ಗಿ ಮಾಮಾರ ಕಿವಿಯಲ್ಲಿ ಹೇಳಿದಳು.

ಮಾಮಾ ನನ್ನ ಕಡೆ ಬೆರಳು ತೋರಿಸಿ, ಹಿಂದಿಯಲ್ಲಿ "ನಮ್ಮ ಮಂಗ್ಳೂರಿನವಳೇ ತರಲಿ. ಜನರನ್ನು ಕಳಿಸುವುದು ಅವಳಿಗೆ ಚೆನ್ನಾಗಿ ಗೊತ್ತು" ಎಂದರು. ಸಿಸಿಲಿ ಅದನ್ನು ಅರಬಿಗೆ ತಿರುಗಿಸಿದಾಗ ಚಾವಡಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಕೆಂಡ ಕೆಂಪಾಯಿತು, ಚಕ್ಕೆ ಇಟ್ಟೆ. ಬಲಗೈಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆ ನಿಂತೆ. ಒಬ್ಬೊಬ್ಬರೂ ಹೊಗೆ ಎಳೆದುಕೊಂಡು, ನನ್ನ ಕೆನ್ನೆ ತಟ್ಟಿ, ಏಳತೊಡಗಿದರು. ಕೊನೆಯಲ್ಲಿ ಹೆಸ್ಸಾಳ ಮುಂದೆ ಬಂದೆ. ಅವಳು ಶಾಲಿನ ಅಂಚು ಹಿಡಿದು ಮುಂದೆ ಬಗ್ಗಿದಳು.

ಅಷ್ಟರಲ್ಲಿ ಮಾಮಾರ ಕೈ ನಡುವೆ ಬಂತು. ಏಳುತ್ತಿದ್ದ ಹೊಗೆಗೆ ಅಂಗೈ ಅಡ್ಡ ಹಿಡಿದು, ನನಗೆ ತಿಳಿಯಲೆಂದು ಹಿಂದಿಯಲ್ಲೇ ಹೇಳಿದರು:

"ಇವಳಿಗೆ ಬೇಡ. ಇವಳು ಇಲ್ಲೇ ಇರುವವಳು."

ಹೆಸ್ಸಾ ತಾಯಿಯ ಮಡಿಲಲ್ಲಿ ತಲೆಯಿಟ್ಟಳು. ನಾನು ಪಾತ್ರೆಯನ್ನು ಹಿಂದಕ್ಕೆ ತಂದು ನನ್ನ ಸೆರಗಿಗೇ ಹಿಡಿದುಕೊಂಡೆ. ಹೊರಡುವವಳು ನಾನು ತಾನೇ.